ಒತ್ತಿ ಹರಸಿದವರು

ಸುನಂದಾಳ ವ್ಯಾಪಾರಕ್ಕೆ ಬಂಡವಾಳವೆಂದು ಇದ್ದದ್ದು ಒಂದು ಪೆನ್ನುಚಾಕು, ಮೂರು ದಬ್ಬಣ, ಮಂಜಮ್ಮನೆಂಬ ಜೊತೆಗಾತಿ ಮತ್ತು ಮನೆಯ ಮುಂಭಾಗದ ಹನ್ನೆರಡಡಿ ಮಳಿಗೆ. ಮೊದಲ ಮೂರರ ಮೇಲೆ ಯಾರ ಕಣ್ಣೂ ಇರಲಿಲ್ಲ. ಮಳಿಗೆಯ ಮೇಲೆ ಮಾತ್ರ ಗಂಡನ ಅಣ್ಣ ಈರಣ್ಣನ ಕಣ್ಣಿತ್ತು.

ಅವಳು ಮಾಡುತ್ತಿದ್ದದ್ದು ಮದುವೆಯ ಕೊಬ್ಬರಿ ಬಟ್ಟಲು. ಒಣಕೊಬ್ಬರಿಯ ಕಂದು ಸಿಪ್ಪೆಯನ್ನು ಕೂದಲೆಳೆಯಷ್ಟು ಕೆರೆದರೆ ಒಳಗಿನ ಬಿಳುಪು ಇಣುಕುತ್ತದೆ. ಆ ಕಂದು ಬಿಳುಪುಗಳಲ್ಲೇ ನವಿಲು, ಬಳ್ಳಿ, ಹೆಣ್ಣುಗಂಡಿನ ಹೆಸರು ಬಿಡಿಸಿ, ಅಂಚಿಗೆ ಮಣಿ ಕಟ್ಟಿದರೆ ಆರತಿ ತಟ್ಟೆಗೆ ಇಡುವ ಜೋಡಿ ಬಟ್ಟಲು ಸಿದ್ಧ. ತಿಪಟೂರಿನಲ್ಲಿ ಇದಕ್ಕೆ ಗಿರಾಕಿ ಇಲ್ಲ. ಸಾವಿರಗಟ್ಟಲೆ ಕೊಬ್ಬರಿಯನ್ನು ಅಟ್ಟದ ಮೇಲೆ ಗುಡ್ಡೆ ಹಾಕಿಕೊಂಡು ಅದರಡಿಯಲ್ಲೇ ಮಲಗಿ ಏಳುವ ಜನ ಎರಡು ಬಟ್ಟಲಿಗೆ ಮುನ್ನೂರು ರೂಪಾಯಿ ಬಿಚ್ಚುತ್ತಾರೆಯೇ? ಬಂದವರು ತಿರುಗಿಸಿ ಮುರುಗಿಸಿ ನೋಡಿ, "ಭಾಳ ಚೆಂದಾಗೈತೆ ಕಣವ್ವ" ಅನ್ನುತ್ತಿದ್ದರು. ಹೊಗಳಿಕೆ ಮುಗಿದ ಮೇಲೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಒಂದಚ್ಚು ಬೆಲ್ಲ ಕೇಳುತ್ತಿದ್ದರು.

ಬೇಕಾದವರು ದೂರದಲ್ಲಿದ್ದರು. ಮಗಳ ಮದುವೆಯಲ್ಲಿ ಊರಿನದೊಂದು ಗುರುತಿರಲಿ ಎಂದು ಆಸೆಪಡುವ ಪುಣೆ, ಮುಂಬಯಿ, ಹೈದರಾಬಾದಿನ ಕನ್ನಡ ಸಂಸಾರಗಳು ಅಲ್ಲಿದ್ದವು. ಅವರಿಗೆ ಸುನಂದಾ ಇರುವುದು ಗೊತ್ತಿರಲಿಲ್ಲ. ಅವರು ಇರುವುದು ಸುನಂದಾಳಿಗೆ ಗೊತ್ತಿತ್ತು, ಅಷ್ಟೇ.

ಈರಣ್ಣನಿಗೆ ಬಸ್ ಸ್ಟ್ಯಾಂಡಿನ ಎದುರು ಪಶು ಆಹಾರದ ಅಂಗಡಿ. ಚೀಲ ಪೇರಿಸಲು ಅವನಿಗೆ ಜಾಗ ಸಾಲುತ್ತಿರಲಿಲ್ಲ. "ತಿಂಗ್ಳಿಗೆ ಸಾವ್ರದೈನೂರು ಬಾಡಿಗೆ ಕೊಡ್ತೀನಿ ಕಣ್ಲಾ ಶಿವ. ಆ ಮಳಿಗೇಲಿ ಹೆಂಗಸ್ರು ಕೊಬ್ರಿ ಕೆರಕಂಡು ಕೂತವ್ರೆ. ಇಲಿ ಕೆರುದ್ರೆ ಓಡುಸ್ತೀವಿ, ಇವ್ರು ಕೆರುದ್ರೆ ಕಲೆ ಅಂತೀವಿ" ಎಂದು ತಮ್ಮನ ಮುಂದೆ ನಕ್ಕಿದ್ದ.

ತಮ್ಮ ಶಿವಮೂರ್ತಿ ಕೊಬ್ಬರಿ ಮಂಡಿಯಲ್ಲಿ ಹದಿನೆಂಟು ವರ್ಷದಿಂದ ದಲ್ಲಾಳಿ. ಎರಡು ಕಡೆಯವರನ್ನೂ ಒಪ್ಪಿಸುವುದೇ ಕಸುಬಾದ್ದರಿಂದ ಹೆಂಡತಿ ಮತ್ತು ಅಣ್ಣನ ನಡುವೆಯೂ ಒಂದು ಕರಾರು ಕುದುರಿಸಿದ. ಗೌರಿ ಹಬ್ಬದೊಳಗೆ ಹೊರಗಿನ ಊರುಗಳಿಂದ ಇಪ್ಪತ್ತು ಆರ್ಡರ್ ಬಂದರೆ ಮಳಿಗೆ ಸುನಂದಾಳದು. ಬರದಿದ್ದರೆ ಹಬ್ಬದ ಮಾರನೇ ದಿನ ಹಿಂಡಿ ಚೀಲ ಒಳಗೆ, ಕೊಬ್ಬರಿ ಹೊರಗೆ.

"ಹೊರಗಂದ್ರೆ ಎಲ್ಲಿಗ್ರೀ?" ಎಂದಳು ಸುನಂದಾ.

"ಹಿತ್ಲಲ್ಲಿ ಶೀಟ್ ಹಾಕ್ಸಿ ಕೊಡ್ತೀನಿ ಕಣೇ."

ಹಿತ್ತಲಲ್ಲಿ ಎರಡು ಎಮ್ಮೆಗಳಿದ್ದವು. ಅವಕ್ಕೂ ಕೊಬ್ಬರಿಯೆಂದರೆ ಇಷ್ಟ.

ಅವಳು ಚೀಟಿ ಎತ್ತಿದ ದುಡ್ಡು ಹತ್ತು ಸಾವಿರ ಚಿಲ್ಲರೆ ಅವಳ ಟ್ರಂಕಿನಲ್ಲಿತ್ತು. ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಕೊಡಬಹುದೆಂದು ಅವಳಿಗೆ ಹೇಳಿದವನು ಸೈಬರ್ ಕೆಫೆಯ ನಾಗಭೂಷಣ. ಹುಳಿಯಾರು ಕಡೆಯ ಹಟ್ಟಿಯಿಂದ ಬಂದು, ತಿಪಟೂರಿನಲ್ಲಿ ಎಂಟು ಕಂಪ್ಯೂಟರ್ ಇಟ್ಟುಕೊಂಡು, ಗಂಟೆಗೆ ಇಪ್ಪತ್ತು ರೂಪಾಯಿಯಂತೆ ಊರಿಗೆ ಪ್ರಪಂಚ ತೋರಿಸುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಅವನನ್ನು ಮನೆಗೇ ಕರೆಸಿ ನಡುಮನೆಯಲ್ಲಿ ಬಜೆಟ್ ಸಭೆ ಸೇರಿತು. ಸುನಂದಾಳ ಅತ್ತೆ ಲಕ್ಷ್ಮಿದೇವಮ್ಮ ಕಂಬಕ್ಕೆ ಒರಗಿ ಅಧ್ಯಕ್ಷತೆ ವಹಿಸಿದರು.

"ನೋಡಣ್ಣ," ಎಂದು ನಾಗಭೂಷಣ ಶಿವಮೂರ್ತಿಯ ಕಡೆಗೇ ತಿರುಗಿದ, ದುಡ್ಡು ಸುನಂದಾಳದಾದರೂ. "ಪುಣೇಲಿ ಯಾರೋ 'ಮದುವೆ ಕೊಬ್ಬರಿ' ಅಂತ ಹುಡುಕ್ತಾರೆ. ಪಕ್ಕದಾಗೆ ನಿಮ್ಮ ಜಾಹೀರಾತು ಬತ್ತದೆ. ಸುಮ್ನೆ ನೋಡುದ್ರೆ ಕಾಸಿಲ್ಲ. ಒತ್ತುದ್ರೆ ಕಂಪನಿ ಹತ್ತು ರೂಪಾಯಿ ಹಿಡ್ಕಂತದೆ. ದಿನಕ್ಕೆ ಇಷ್ಟು ಅಂತ ಒಂದು ಮಿತಿ ನಾವೇ ಹಾಕ್ಬೇಕು. ಅದು ಮುಗುದ್ರೆ ಜಾಹೀರಾತು ಮಾಯ. ಮತ್ತೆ ರಾತ್ರಿ ಹನ್ನೆರಡಕ್ಕೆ ಹೊಸ ಲೆಕ್ಕ."

ಇದನ್ನು ಸುನಂದಾ ಪೂರ್ತಿ ಕೇಳಿಸಿಕೊಂಡಳು. ಶಿವಮೂರ್ತಿ 'ಹತ್ತು ರೂಪಾಯಿ ಹಿಡ್ಕಂತದೆ' ಎನ್ನುವವರೆಗೆ ಕೇಳಿಸಿಕೊಂಡ. ಅವನ ಕಿವಿಗೆ ಅದು ಕಮಿಷನ್ ಎಂದು ಕೇಳಿಸಿತು. ಮಂಡಿಯಲ್ಲಿ ಕಮಿಷನ್ ಹುಟ್ಟುವುದು ಮಾಲು ಮಾರಾಟವಾದಾಗ. ಅಂದಮೇಲೆ ಹತ್ತು ಹತ್ತು ಹೋಗುತ್ತಿದೆಯೆಂದರೆ ವ್ಯಾಪಾರ ಆಗುತ್ತಿದೆಯೆಂದೇ ಅರ್ಥ. ಹದಿನೆಂಟು ವರ್ಷದ ಅನುಭವ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿತು. ಅಲ್ಲಿಂದ ಮುಂದಕ್ಕೆ ಅವನನ್ನು ಕದಲಿಸುವುದು ಯಾರಿಂದಲೂ ಆಗಲಿಲ್ಲ.

"ದಿನಕ್ಕೆ ಇನ್ನೂರೈವತ್ತು ಹಾಕು" ಎಂದ.

"ಸೊನ್ನೇಲಿ ನಿಲ್ಲುಸ್ಬಾರ್ದು ಕಣಪ್ಪ," ಎಂದರು ಲಕ್ಷ್ಮಿದೇವಮ್ಮ. "ಇನ್ನೂರೈವತ್ತೊಂದು ಮಾಡು. ಆದ್ರೆ ಇದು ಆಷಾಢ. ಆಷಾಢದಾಗೆ ಸುರು ಮಾಡ್ತೀರಾ?"

"ಅವ್ವಾ, ಕಂಪನಿ ಅಮೆರಿಕದ್ದು. ಅಲ್ಲಿ ಆಷಾಢ ಇಲ್ಲ."

ಅಮೆರಿಕದ ಬಗ್ಗೆ ಮುದುಕಿಗೆ ಇದ್ದ ಅನುಮಾನಗಳಿಗೆ ಇನ್ನೊಂದು ಸೇರಿತು. ದಿನಕ್ಕೆ ಇನ್ನೂರೈವತ್ತೊಂದು, ಗೌರಿ ಹಬ್ಬಕ್ಕೆ ನಲವತ್ತು ದಿನ, ಒಟ್ಟು ಹತ್ತು ಸಾವಿರದ ನಲವತ್ತು. ಒಂದು ರೂಪಾಯಿಗೆ ಯಾರೂ ಒತ್ತುವುದಿಲ್ಲವಾದ್ದರಿಂದ ಮಂಗಳದ ಆ ಒಂದು ರೂಪಾಯಿ ದಿನಾ ಖರ್ಚಾಗದೆ ಉಳಿಯುವುದೆಂದು ಸುನಂದಾಳಿಗೆ ಹೊಳೆಯಿತು, ಹೇಳಲಿಲ್ಲ. ಜಾಹೀರಾತಿನ ಮೂರು ಸಾಲನ್ನು ಶಿವಮೂರ್ತಿಯೇ ಬರೆಸಿದ. ಮೊದಲ ಸಾಲಿನಲ್ಲಿ ಮದುವೆ ಕೊಬ್ಬರಿ, ಎರಡನೆಯದರಲ್ಲಿ ತಿಪಟೂರು, ಮೂರನೆಯದರಲ್ಲಿ ಪ್ರೊಪ್ರೈಟರ್ ಶಿವಮೂರ್ತಿ ಮತ್ತು ಅವನ ಮೊಬೈಲ್ ನಂಬರು.

"ಪ್ರೊಪ್ರೈಟ್ರು ಯಾವತ್ತು ಚಾಕು ಹಿಡ್ದಿದ್ರಕ್ಕಾ?" ಎಂದು ಮಂಜಮ್ಮ ಆಮೇಲೆ ಕೇಳಿದಳು.

"ಹಿಡೀತಾರೆ ಕಣೇ, ಹಲಸಿನಹಣ್ಣು ಬಂದಾಗ."

*

ಮೊದಲ ದಿನ ಶಿವಮೂರ್ತಿ ಬೆಳಿಗ್ಗೆ ಎಂಟಕ್ಕೇ ಕೆಫೆಯ ಬಾಗಿಲಲ್ಲಿದ್ದ. ಹುಡುಕಿದರೆ ನಿಜಕ್ಕೂ ಬಂತು. ತನ್ನ ಹೆಸರು ಪರದೆಯ ಮೇಲೆ ನೀಲಿಯಾಗಿ ಮಿನುಗುವುದನ್ನು ಕಂಡು ಎರಡು ಸಲ ಓದಿಕೊಂಡ. ಆಮೇಲೆ ಒತ್ತಿದ. ಸಂಜೆ ನಾಗಭೂಷಣ, "ಇವತ್ತು ನಾಲ್ಕು ಒತ್ತು ಬಿದ್ದವೆ ಅಣ್ಣ" ಎಂದ. ಮಾರನೇ ದಿನ ಶಿವಮೂರ್ತಿ ಹತ್ತು ಸಲ ಒತ್ತಿದ. ಲೆಕ್ಕ ಏರಲಿಲ್ಲ.

"ಒಂದೇ ಕಂಪ್ಯೂಟರ್‌ನಿಂದ ಮತ್ತೆ ಮತ್ತೆ ಒತ್ತುದ್ರೆ ಕಂಪನಿ ಲೆಕ್ಕಕ್ಕೆ ತಗಳಲ್ಲ ಅಣ್ಣ. ದುಡ್ಡೂ ಹಿಡಿಯಲ್ಲ."

ಕಂಪನಿ ಕೈಲಾದ ದಯೆ ತೋರಿಸಿತ್ತು. ಶಿವಮೂರ್ತಿಗೆ ಅದು ಅವಮಾನವಾಗಿ ಕಂಡಿತು. ನಮ್ಮವರು ಒತ್ತಿದ್ದು ಲೆಕ್ಕಕ್ಕಿಲ್ಲ ಎಂದರೇನರ್ಥ? ಹಾಗಾದರೆ ಬೇರೆ ಬೇರೆ ಕಡೆಯಿಂದ ಒತ್ತಿಸೋಣ. ಫೋನು ಹಿಡಿದು ಕೂತ. ತಿಪಟೂರಿನಲ್ಲಿ ಆರು ಕೆಫೆ, ತುರುವೇಕೆರೆಯಲ್ಲಿ ಎರಡು, ಚಿಕ್ಕನಾಯಕನಹಳ್ಳಿಯಲ್ಲಿ ಒಂದು, ನೊಣವಿನಕೆರೆಯ ಎಸ್‌ಟಿಡಿ ಬೂತಿನಲ್ಲಿ ಹೊಸದಾಗಿ ಇಟ್ಟ ಒಂದು. ಸೋದರಮಾವನ ಮಗ ಕಾಲೇಜಿನಲ್ಲಿ ಕ್ಲರ್ಕು, ಅಲ್ಲಿ ಒಂದು ಲ್ಯಾಬೇ ಇತ್ತು. ಮಂಡಿಯಲ್ಲಿ ಲಾರಿ ಹೊಂದಿಸಿದಂತೆ ನೆಂಟರನ್ನು ಈ ಎಲ್ಲ ಕಡೆಗೂ ಹೊಂದಿಸಿದ.

ನೆಂಟರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಈ ಸೀಮೆಯಲ್ಲಿ ಮದುವೆಯೋ ಗೃಹಪ್ರವೇಶವೋ ಆದರೆ ಯಾರು ಎಷ್ಟು ಮುಯ್ಯಿ ಹಾಕಿದರೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯ ಕಾರ್ಯಕ್ಕೆ ಒಂದು ರೂಪಾಯಿ ಸೇರಿಸಿ ಹಿಂತಿರುಗಿಸುತ್ತಾರೆ. ಮರೆತವರನ್ನು ಯಾರೂ ಬೈಯುವುದಿಲ್ಲ, ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಶಿವಮೂರ್ತಿ ಎಲ್ಲರ ಮನೆಗೂ ಮುಯ್ಯಿ ಹಾಕಿದವನು. ಈಗ ಅವನ ಜಾಹೀರಾತಿಗೆ ಒಂದು ಒತ್ತು ಒತ್ತುವುದು ನೆಂಟರ ಪಾಲಿನ ಮುಯ್ಯಿಯಾಯಿತು. ಬಿಳಿಗೆರೆಯಿಂದ ಎಪ್ಪತ್ತು ದಾಟಿದ ಸದಾಶಿವಯ್ಯನವರು ಬೆಳಗಿನ ಮೊದಲ ಬಸ್ಸಿಗೆ ಬಂದರು. ಮೌಸನ್ನು ಕಂಡು, "ಇದುನ್ನ ಬಲಗೈಲೇ ಹಿಡೀಬೇಕೇನಪ್ಪ?" ಎಂದು ಕೇಳಿ, ಕಣ್ಣುಮುಚ್ಚಿ ಮನಸ್ಸಿನಲ್ಲೇ ಏನೋ ಅಂದುಕೊಂಡು ಒತ್ತಿ, ಅದಕ್ಕೊಂದು ಸಲ ಕೈಮುಗಿದು ಎದ್ದರು. ಹಿಂದೆ ಸರದಿಯಲ್ಲಿ ಹನ್ನೊಂದು ಜನವಿದ್ದರು.

ಲಕ್ಷ್ಮಿದೇವಮ್ಮ ಒಂದು ಬರೆಯುವ ಪುಸ್ತಕ ತರಿಸಿದರು. ಎಡಗಡೆ ಒತ್ತಿದವರು, ಬಲಗಡೆ ಇನ್ನೂ ಒತ್ತದವರು.

ಬಲಗಡೆಯ ಪಟ್ಟಿಯಲ್ಲಿ ಬಹಳ ದಿನ ಉಳಿಯುವ ಧೈರ್ಯ ಯಾರಿಗೂ ಇರಲಿಲ್ಲ, ಈರಣ್ಣನಿಗೂ. ಅವನು ಅಂಗಡಿ ತೆರೆಯುವ ಮುಂಚೆ ದಿನಾ ಹೋಗಿ ಒತ್ತಿ ಬರುತ್ತಿದ್ದ. "ಮಳಿಗೆ ಮಾತು ಬ್ಯಾರೆ, ಮುಯ್ಯಿ ಬ್ಯಾರೆ," ಎಂದು ತಮ್ಮನ ಹೆಂಡತಿಗೆ ಕೇಳುವಂತೆ ಹೇಳಿದ. "ನಾಳೆ ನಾನು ಮಳಿಗೆ ತಗಂಡ್ರೂ ಯಾರೂ ಅಣ್ಣ ಒತ್ತಲಿಲ್ಲ ಅನ್ಬಾರ್ದು." ಅವನು ಮೋಸದಿಂದ ಒತ್ತುತ್ತಿದ್ದನೆಂದು ತಿಳಿಯಬಾರದು. ಶುದ್ಧ ಪ್ರೀತಿಯಿಂದ ಒತ್ತುತ್ತಿದ್ದ. ಮೋಸದಿಂದ ಒತ್ತಿದ್ದರೂ ಇದಕ್ಕಿಂತ ಹೆಚ್ಚು ಹಾಳು ಮಾಡಲು ಅವನಿಂದ ಆಗುತ್ತಿರಲಿಲ್ಲ.

ಹದಿನೇಳು ದಿನ ಕಳೆಯಿತು. ಮೂರನೇ ದಿನದಿಂದ ದಿನಾ ಇಪ್ಪತ್ತೈದು ಒತ್ತು. ಆರ್ಡರ್ ಒಂದೂ ಇಲ್ಲ. ಶಿವಮೂರ್ತಿ ಮಂಡಿಯಲ್ಲಿ, "ದಿನಕ್ಕೆ ಇಪ್ಪತ್ತೈದು ಗಿರಾಕಿ ಕಣ್ರೀ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಸುನಂದಾ ಬಟ್ಟಲುಗಳನ್ನು ಕೆತ್ತಿ ಕೆತ್ತಿ ಜೋಡಿಸುತ್ತಿದ್ದಳು.

*

ಹದಿನೆಂಟನೇ ದಿನ ಶಿವಮೂರ್ತಿ ಮೊಬೈಲನ್ನು ಚಾರ್ಜಿಗೆ ಹಾಕಿ ಮರೆತು ಹೋಗಿದ್ದ. ಅದು ಹೊಡೆದುಕೊಂಡಾಗ ಸುನಂದಾ ಎತ್ತಿದಳು.

"ಶಿವಮೂರ್ತಿಯವ್ರು ಇದಾರಾ? ನಾನು ಪುಣೆಯಿಂದ ಮೀನಾಕ್ಷಮ್ಮ ಅಂತ. ನಮ್ಮ ಕಡೆ ಹಾಸನ. ಮೊಮ್ಮಗಳ ಮದುವೆಗೆ ಹನ್ನೆರಡು ಜೊತೆ ಬಟ್ಟಲು ಬೇಕಿತ್ತು. ನಿಮ್ಮ ಅಂಗಡಿ ಇನ್ನೂ ಐತೇನಮ್ಮ?"

"ಐತೆ ಅಮ್ಮಾ. ಯಾಕೆ ಹಂಗೆ ಕೇಳ್ತೀರಿ?"

"ನನಗೆ ಉಬ್ಬಸ. ಬೆಳಗಿನ ಜಾವ ನಿದ್ದೆ ಬರಲ್ಲ, ಮಗನ ಕಂಪ್ಯೂಟರ್ ಮುಂದೆ ಕೂತ್ಕೊತೀನಿ. ಐದೂವರೆಗೆ ನಿಮ್ಮದು ಕಾಣ್ತು. ಹತ್ತು ಗಂಟೆಗೆ ಸೊಸೆಗೆ ತೋರಿಸೋಣ ಅಂದ್ರೆ ಇಲ್ಲ. ಮಾರನೇ ದಿನ ಜಾವಕ್ಕೆ ಮತ್ತೆ ಇದೆ, ಹತ್ತಕ್ಕೆ ಮತ್ತೆ ಇಲ್ಲ. ಕೊನೆಗೆ ನಂಬರ್ ಗೋಡೆ ಮೇಲೆ ಬರ್ಕೊಂಡೆ ನೋಡಿ. ಅದೇನು ಬರೀ ಬೆಳಗಿನ ಜಾವ ತೆಗೆಯೋ ಅಂಗಡಿನಾ?"

ಆರ್ಡರ್ ಬರೆದುಕೊಂಡು ಫೋನಿಟ್ಟ ಸುನಂದಾ ಸೀರೆಯ ಮೇಲಿನ ಕೊಬ್ಬರಿ ಹುಡಿ ಕೊಡವಿ ನೇರವಾಗಿ ಕೆಫೆಗೆ ಹೋದಳು. ಮಧ್ಯಾಹ್ನ ಮೂರು ಗಂಟೆ. ನಾಗಭೂಷಣ ಹೊಸ ಫ್ಯಾನಿನ ಕೆಳಗೆ ಕೂತಿದ್ದ. ಫ್ಯಾನು ಈ ತಿಂಗಳು ಬಂದದ್ದು.

"ನಮ್ಮ ಜಾಹೀರಾತು ತೋರ್ಸು."

"ಇವತ್ತಿಂದು ಮುಗೀತಕ್ಕ. ನಾಳೆ ಬಾ."

"ಎಷ್ಟೊತ್ತಿಗೆ ಮುಗೀತು?"

ಅವನು ಪಟ್ಟಿ ತೆರೆದ. ಒಂಬತ್ತು ನಲವತ್ತಕ್ಕೆ ಮುಗಿದಿತ್ತು. ಹಿಂದಿನ ದಿನ ಒಂಬತ್ತು ಮೂವತ್ತೈದಕ್ಕೆ. ಅವಳು ಪಿಯುಸಿಯವರೆಗೆ ಓದಿದವಳು. ಪರದೆಯ ಇಂಗ್ಲಿಷಿನಲ್ಲಿ ಊರಿನ ಹೆಸರುಗಳನ್ನು ಬೆರಳಿಟ್ಟು ಓದಿದಳು. ನಾಲ್ಕು ನೂರಕ್ಕೂ ಮಿಕ್ಕಿದ ಒತ್ತುಗಳಲ್ಲಿ ತುಮಕೂರು ಜಿಲ್ಲೆಯ ಹೊರಗಿನವು ಒಂಬತ್ತು. ಆ ಒಂಬತ್ತರಲ್ಲಿ ಮೂರು ಪುಣೆ. ಮೂರೂ ಒಬ್ಬಳೇ ಉಬ್ಬಸದ ಅಜ್ಜಿ.

"ನಾಗಭೂಷಣ, ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕ."

"ಯಾಕ್ಲಾ ಬಾಯಿ ಬುಡಲಿಲ್ಲ?"

"ಮೊದ್ಲನೆ ದಿನ ಹೇಳಾಣ ಅಂದ್ಕಂಡೆ. ಅಣ್ಣ ಅಷ್ಟು ಖುಷಿಯಾಗಿತ್ತು." ಅವನು ಫ್ಯಾನಿನ ಕಡೆ ಒಮ್ಮೆ ನೋಡಿದ. "ಆಮೇಲೆ ಸದಾಶಿವಯ್ಯನೋರು ಕೈ ಮುಗುದ್ರಲ್ಲ, ಆಗ ಹೆಂಗೆ ಹೇಳ್ಲಿ? ಅಲ್ದೆ ಗಂಟೆಗೆ ಇಪ್ಪತ್ತು ರೂಪಾಯಿ... ನಾನೂ ಬದುಕ್ಬೇಕಲ್ಲಕ್ಕ."

ಪ್ರಾಮಾಣಿಕನೆಂದು ಅವನನ್ನು ಹೊಗಳಬೇಕೋ ಬಾರಿಸಬೇಕೋ ತಿಳಿಯದೆ ಸುನಂದಾ ಎದ್ದು ಬಂದಳು.

ರಾತ್ರಿ ಊಟಕ್ಕೆ ಕೂತ ಗಂಡನಿಗೆ ಬಿಡಿಸಿ ಹೇಳಿದಳು. ಒಬ್ಬೊಬ್ಬ ನೆಂಟನ ಒತ್ತಿಗೂ ಹತ್ತು ರೂಪಾಯಿ ನಮ್ಮದೇ ಹೋಗುತ್ತದೆ. ಒಂಬತ್ತೂವರೆಗೆ ದಿನದ ದುಡ್ಡು ಖಾಲಿ. ಕೊಳ್ಳುವವರು ಎದ್ದು ಕಾಫಿ ಕುಡಿದು ಕೂರುವ ಹೊತ್ತಿಗೆ ನಮ್ಮ ಅಂಗಡಿ ಮುಚ್ಚಿರುತ್ತದೆ.

"ಕಮಿಷನ್ ಇಲ್ದೆ ವ್ಯಾಪಾರ ಉಂಟೇನೆ?"

"ವ್ಯಾಪಾರ ಎಲ್ರೀ ಆಯ್ತು? ಸದಾಶಿವಯ್ಯನೋರು ಬಟ್ಲು ತಗಂಡ್ರಾ?"

"ಆ ಮುದುಕ ಬಸ್ ಚಾರ್ಜು ಹಾಕ್ಕಂಡು, ಸೈಬರ್‌ಗೆ ಇಪ್ಪತ್ತು ಕೊಟ್ಟು, ನಮಗೋಸ್ಕರ ಒತ್ತಿ ಹೋಗವ್ನೆ. ಅವ್ನು ಅಷ್ಟು ಕಳಕಂಡಿರುವಾಗ ನಾವು ಹತ್ತು ರೂಪಾಯಿ ಮುಖ ನೋಡದಾ? ನಿಂಗೆ ಮನುಷ್ಯತ್ವ ಐತಾ?"

ಲೆಕ್ಕದಲ್ಲಿ ಸೋತವನು ಮನುಷ್ಯತ್ವಕ್ಕೆ ಜಿಗಿದರೆ ಅವನನ್ನು ಅಲ್ಲಿಂದ ಇಳಿಸುವುದು ಕಷ್ಟ.

ಅತ್ತೆಯ ಬಳಿ ಹೋದಳು. ಲಕ್ಷ್ಮಿದೇವಮ್ಮನಿಗೆ ಲೆಕ್ಕ ಸಲೀಸಾಗಿ ಅರ್ಥವಾಯಿತು. ಆದರೆ ಅವರು ಪುಸ್ತಕ ಮುಚ್ಚಲಿಲ್ಲ. "ಅರ್ಥ ಆಯ್ತು ಕಣವ್ವ. ಆದ್ರೆ ಮುಯ್ಯಿ ಹಾಕಾಕೆ ಬಂದೋರ್ನ ಬ್ಯಾಡ ಅಂತ ವಾಪಸ್ ಕಳ್ಸಾದು ಹೆಂಗೆ? ನಮ್ಮ ಮನೆ ಬಾಗ್ಲಿಗೆ ಇನ್ನು ಯಾರು ಬತ್ತಾರೆ?" ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದರು. "ಈಗೀಗ ಲಗ್ನಪತ್ರಿಕೇಲಿ ಹಾಕುಸ್ತಾರಲ್ಲ, ಉಡುಗೊರೆ ಬ್ಯಾಡ, ಆಶೀರ್ವಾದ ಸಾಕು ಅಂತ. ಹಂಗೆ ಹೇಳಿ ಕಳ್ಸಣ. ಒತ್ತಾದು ಬ್ಯಾಡ, ನೋಡಿ ಹರಸುದ್ರೆ ಸಾಕು."

ಹಾಗೇ ಹೇಳಿ ಕಳಿಸಿದರು. ಲಗ್ನಪತ್ರಿಕೆಯ ಆ ಸಾಲನ್ನು ನಂಬಿ ಬರಿಗೈಯಲ್ಲಿ ಹೋದವರನ್ನು ಈ ಸೀಮೆ ಇನ್ನೂ ಕಂಡಿಲ್ಲ. ಶಿವಮೂರ್ತಿಯ ಮನೆಯವರು ಬಾಯಿಬಿಟ್ಟು ಬೇಡ ಎಂದಿದ್ದಾರೆಂದರೆ ಮನಸ್ಸಿನಲ್ಲಿ ಎಷ್ಟು ಬೇಕಾಗಿದೆಯೋ ಎಂದು ನೆಂಟರು ಕರಗಿಹೋದರು. ಮಾರನೇ ದಿನ ಬಜೆಟ್ ಎಂಟು ಐವತ್ತಕ್ಕೇ ಮುಗಿಯಿತು.

ಸುನಂದಾ ಮತ್ತೆ ಕೆಫೆಗೆ ಹೋದಳು. ಈ ಸಲ ಕೂರಲೂ ಇಲ್ಲ.

"ಯಾವ ಊರಿಗೆ ಕಾಣ್ಬೇಕು, ಯಾವ ಊರಿಗೆ ಕಾಣ್ಬಾರ್ದು ಅಂತ ಹಾಕಾಕೆ ಬತ್ತದಾ?"

"ಬತ್ತದೆ."

"ಹಂಗಾದ್ರೆ ತುಮಕೂರು ಜಿಲ್ಲೆ ತಗ್ದಾಕು."

ನಾಗಭೂಷಣನ ಕೈ ಮೌಸಿನ ಮೇಲೇ ನಿಂತಿತು. "ಅಕ್ಕಾ, ಬೆಂಗ್ಳೂರು ತಗಿ ಅನ್ನು, ತಗೀತೀನಿ. ನಮ್ಮೂರ್ನೇ ತಗ್ದ್ರೆ ಅಣ್ಣ ನನ್ನ ಸಿಪ್ಪೆ ಸುಲೀತಾರೆ."

"ತಗೀಲಿಲ್ಲ ಅಂದ್ರೆ ನಾನು ಸುಲೀತೀನಿ. ನನ್ನ ಹತ್ರ ಚಾಕು ಐತೆ. ದುಡ್ಡು ಯಾರದ್ಲಾ?"

ಅವನು ಒತ್ತಿದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ಒಂದೇ ಏಟಿಗೆ ಆ ಜಾಹೀರಾತಿನ ಪ್ರಪಂಚದಿಂದ ಅಳಿಸಿಹೋದವು. ಪ್ರಪಂಚಕ್ಕೆ ಅದು ಗೊತ್ತಾದಂತೆ ಕಾಣಲಿಲ್ಲ.

*

ಎರಡನೇ ದಿನ ಹೈದರಾಬಾದಿನಿಂದ ಒಂದು ಆರ್ಡರ್ ಬಂತು. ನಾಲ್ಕನೇ ದಿನ ಮುಂಬಯಿಯಿಂದ ಎರಡು. ಮೊಬೈಲನ್ನು ಚಾರ್ಜಿಗೆಂದು ಮನೆಯಲ್ಲೇ ಇಟ್ಟುಕೊಳ್ಳುವುದನ್ನು ಸುನಂದಾ ರೂಢಿ ಮಾಡಿಕೊಂಡಳು. ಬ್ಯಾಟರಿ ಹಾಳಾಗಿದೆಯೆಂದು ಶಿವಮೂರ್ತಿಯೂ ಒಪ್ಪಿದ. ಮಂಜಮ್ಮ ತನ್ನ ತಂಗಿಯನ್ನೂ ಕರೆತಂದಳು. ಬಟ್ಟಲುಗಳು ಹತ್ತಿಯಲ್ಲಿ ಸುತ್ತಿಕೊಂಡು, ರಟ್ಟಿನ ಡಬ್ಬಿಯಲ್ಲಿ ಕೂತು, ಮನೆಯವರ ಕಣ್ಣಿಗೆ ಬೀಳದಂತೆ ಪಾರ್ಸೆಲ್ ಆಗಿ ಹೊರಟವು.

ಇತ್ತ ಊರಿನಲ್ಲಿ ದುಃಖ ಹಬ್ಬಿತು. ಬೆಳಿಗ್ಗೆ ಒತ್ತಲು ಹೋದವರು ಬರಿಗೈಯಲ್ಲಿ ಹಿಂತಿರುಗಿದರು. ಮೊದಲು ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡರು, ಆಮೇಲೆ ಕರೆಂಟು, ಆಮೇಲೆ ಶಿವಮೂರ್ತಿ. "ಏನಾಯ್ತಂತೆ?" "ಕಾಣ್ತಿಲ್ಲವಂತೆ." "ಅಯ್ಯೋ, ನಿನ್ನೆ ಮೊನ್ನೆ ಚೆನ್ನಾಗೇ ಇತ್ತಲ್ಲ!" ಸದಾಶಿವಯ್ಯನವರು ಹಣ್ಣು ಹಿಡಿದುಕೊಂಡು ಮನೆಗೇ ಬಂದರು, ಶಿವಮೂರ್ತಿಯ ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಟ್ಟು, "ಧೈರ್ಯವಾಗಿರಪ್ಪ" ಎಂದು ಎದ್ದುಹೋದರು. ಶಿವಮೂರ್ತಿ ಎರಡು ದಿನ ಮಂಡಿಗೆ ಹೋಗಲಿಲ್ಲ. ನಾಗಭೂಷಣನನ್ನು ಕೇಳಿದರೆ, "ಸರ್ವರ್ ಅಣ್ಣ, ಸರ್ವರ್" ಎನ್ನುತ್ತಿದ್ದ. ಆ ಪದಕ್ಕೆ ಎದುರಾಡುವಷ್ಟು ಓದಿದವರು ತಾಲ್ಲೂಕಿನಲ್ಲಿ ಇರಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಈರಣ್ಣ ಅಳತೆಯ ಟೇಪು ಹಿಡಿದುಕೊಂಡು ಬಂದ. ಮಳಿಗೆಯ ಬಾಗಿಲಲ್ಲಿ ನಿಂತು, "ಬ್ಯಾಸರ ಮಾಡ್ಕಬ್ಯಾಡ ಕಣವ್ವ. ಎಲ್ಲಾರೂ ಕೈಲಾದಷ್ಟು ಒತ್ತುದ್ವಿ. ಉಳೀಲಿಲ್ಲ" ಎಂದ. ಹಿಂದೆ ಶಿವಮೂರ್ತಿ ತಲೆ ತಗ್ಗಿಸಿ ನಿಂತಿದ್ದ. ಲಕ್ಷ್ಮಿದೇವಮ್ಮ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕೂತರು.

ಸುನಂದಾ ಕೆತ್ತುತ್ತಿದ್ದ ಬಟ್ಟಲನ್ನು ಕೆಳಗಿಟ್ಟು, ಗೂಡಿನಲ್ಲಿದ್ದ ಅಂಚೆ ರಸೀದಿಗಳ ಕಟ್ಟು ತೆಗೆದು ಭಾವನ ಕೈಗೆ ಕೊಟ್ಟಳು. "ಎಣಿಸ್ರಿ ಬಾವ."

ಈರಣ್ಣ ಬೆರಳಿಗೆ ಎಂಜಲು ಹಚ್ಚಿ ಎಣಿಸಿದ. ಇಪ್ಪತ್ತಮೂರು. ಎಲ್ಲವೂ ಹೊರಗಿನ ಊರು. ಇನ್ನೊಮ್ಮೆ ಎಣಿಸಿದ. ಆಗಲೂ ಇಪ್ಪತ್ತಮೂರೇ.

"ಇದೆಂಗೆ?" ಎಂದ ಶಿವಮೂರ್ತಿ. "ಜಾಹೀರಾತೇ ಸತ್ತೋಗಿ ಇಪ್ಪತ್ತು ದಿನ ಆಯ್ತು."

"ಸತ್ತಿಲ್ಲ ಕಣ್ರೀ. ನಮ್ಮ ಜಿಲ್ಲೆಗೆ ಕಾಣ್ದಂಗೆ ನಾನೇ ಮಾಡ್ಸಿದೀನಿ. ಹೊರಗ್ನೋರಿಗೆ ಕಾಣ್ತದೆ, ಅವ್ರು ಕೊಳ್ತಾವ್ರೆ."

ಇಪ್ಪತ್ತಮೂರು ಆರ್ಡರ್ ಬಂದದ್ದನ್ನು ಅವರು ಹೇಗಾದರೂ ಸಹಿಸಿಕೊಳ್ಳುತ್ತಿದ್ದರು. ತಮ್ಮನ್ನೇ ಹೊರಗೆ ಹಾಕಿದ್ದು ಗಂಟಲಿಗಿಳಿಯಲಿಲ್ಲ.

"ನಮಗೇ ಕಾಣ್ದಂಗೆ!" ಎಂದ ಶಿವಮೂರ್ತಿ. "ಮನೆ ಗಂಡುಸ್ನ ಹೆಸ್ರು ಹಾಕಿ, ಮನೆ ಗಂಡುಸ್ಗೇ ಕಾಣ್ದಂಗೆ!"

"ಆರ್ಡ್ರು ಬುಡವ್ವ, ಅದು ಯಾರಿಗೆ ಬ್ಯಾಕು," ಎಂದ ಈರಣ್ಣ. ಕರಾರು ತನಗೆ ವಿರುದ್ಧವಾಗಿ ಬಿದ್ದಾಗ ಕರಾರಿಗಿಂತ ದೊಡ್ಡದೇನೋ ಅವನಿಗೆ ಸಿಕ್ಕಿತ್ತು. "ಊರಿನ ಕಣ್ಣಿಗೆ ಕಾಣ್ದಿದ್ದು ಅಂಗ್ಡಿ ಹೆಂಗಾಯ್ತದೆ? ನಾಳೆ ನಾಲ್ಕು ಜನ ಕೇಳ್ತಾರೆ, ಎಲ್ಲೈತೆ ನಿಮ್ಮ ತಮ್ಮನ ವ್ಯಾಪಾರ ಅಂತ. ಪುಣೇಲೈತೆ ಅನ್ಲಾ? ಈ ಮಳಿಗೇಲಿ ಹಿಂಡಿ ಚೀಲ ಇದ್ರೆ ಕಾಣ್ತವಾದ್ರೂ."

ಸುನಂದಾ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ತಗ್ಗಿಸಿದರು. ಇಪ್ಪತ್ತಮೂರು ರಸೀದಿಗೆ ಈ ನಾಲ್ಕು ಗೋಡೆಗಳ ನಡುವೆ ಕವಡೆಯ ಬೆಲೆ ಇಲ್ಲವೆಂದು ಅವಳಿಗೆ ಆಗ ಪೂರ್ತಿ ಮನದಟ್ಟಾಯಿತು. ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಇವರಿಗೆ ಬೇಕಾದ್ದು ಜಾಹೀರಾತು. ಅವಳಿಗೆ ಬೇಕಾದ್ದು ಗಿರಾಕಿ. ಎರಡಕ್ಕೂ ಒಂದೇ ಬಜೆಟ್ ಇಟ್ಟದ್ದೇ ತಪ್ಪು.

"ಬಾವ, ನೀವಂದದ್ದು ಸರಿ," ಎಂದಳು. "ಕಾಣ್ಬೇಕು. ನಿಮ್ಮ ಅಂಗ್ಡಿ ಮಾಳಿಗೆ ಬಸ್ ಸ್ಟ್ಯಾಂಡಿಗೆ ಎದ್ರಿಗೈತೆ. ಅಲ್ಲಿ ದೊಡ್ಡದಾಗಿ ಒಂದು ಫ್ಲೆಕ್ಸ್ ಹಾಕ್ಸಣ. ನಿಮ್ಮ ತಮ್ಮನ ಫೋಟೋ, ಹೆಸ್ರು. ಬಂದ ಬಸ್ಸಿಗೆಲ್ಲ ಕಾಣ್ಲಿ."

ಶಿವಮೂರ್ತಿಯ ತಲೆ ನಿಧಾನಕ್ಕೆ ಮೇಲೆದ್ದಿತು.

"ಅದ್ರ ಸುತ್ತ ಶುಭ ಕೋರುವವರು ಅಂತ ನೆಂಟರ ಫೋಟೋ. ಒತ್ತಿ ಹರಸ್ದೋರು ಒಬ್ರೂ ತಪ್ಪಬಾರ್ದು. ಅತ್ತೆ ಹತ್ರ ಪಟ್ಟಿ ಐತೆ. ಒಂದು ಫೋಟೋಕೆ ಇನ್ನೂರು ರೂಪಾಯಿ."

"ಇನ್ನೂರಾ?" ಎಂದ ಈರಣ್ಣ.

"ಮುಯ್ಯಿ ಅಂದ್ಕಳ್ಳಿ ಬಾವ. ದೊಡ್ಡೋರ ಫೋಟೋ ಮೇಲ್ಗಡೆ ಬತ್ತದೆ, ಗಾತ್ರನೂ ದೊಡ್ಡದು. ಅದಕ್ಕೆ ಐನೂರು."

ಈರಣ್ಣ ಟೇಪನ್ನು ಎಳೆದ, ಬಿಟ್ಟ. ಅದು ಸರ್ರೆಂದು ಒಳಗೆ ಹೋಯಿತು. "ಮೇಲ್ಗಡೆ ಅಂದ್ರೆ, ಎಡಕ್ಕೋ ಬಲಕ್ಕೋ?"

"ನೀವೇ ಹೇಳಿ. ಆದ್ರೆ ಒಂದು ಮಾತು. ಈ ಅಂಗ್ಡಿಗೆ ಶುಭ ಕೋರಿ ನೀವು ಬಸ್ ಸ್ಟ್ಯಾಂಡಿನ ಎದ್ರಿಗೆ ಕೈ ಮುಗುಕಂಡು ನಿಂತಿರುವಾಗ, ಇಲ್ಲಿ ಬಂದು ನೋಡುದ್ರೆ ಹಿಂಡಿ ಚೀಲ ಇದ್ರೆ ಜನ ಏನಂದಾರು?"

ಈರಣ್ಣ ಬಹಳ ಹೊತ್ತು ಯೋಚಿಸಲಿಲ್ಲ. ಮಳಿಗೆ ಬೇರೆಲ್ಲಾದರೂ ಬಾಡಿಗೆಗೆ ಸಿಗುತ್ತದೆ. ಬಸ್ ಸ್ಟ್ಯಾಂಡಿನ ಎದುರು ಹತ್ತಡಿ ಎತ್ತರದಲ್ಲಿ ತನ್ನ ಮುಖ ಇನ್ನೆಲ್ಲಿ ಸಿಗಬೇಕು? "ಚೀಲದ ಮಾತು ಬುಡವ್ವ, ಎಲ್ಲಾದ್ರೂ ಹಾಕಂತೀನಿ," ಎಂದ. "ನಂಗೆ ಬಲಗಡೆ ಇರ್ಲಿ. ಪೇಟ ಸುತ್ತಿರೋ ಫೋಟೋ ಐತೆ, ಅದುನ್ನೇ ಕೊಡ್ತೀನಿ."

ಒಂದು ವಾರದಲ್ಲಿ ಮೂವತ್ತೊಂದು ಫೋಟೋ ಬಂದವು. ಲಕ್ಷ್ಮಿದೇವಮ್ಮ ಯಾರದನ್ನು ಯಾರ ಪಕ್ಕ ಹಾಕಿದರೆ ಜಗಳವಾಗುತ್ತದೆಂದು ನೋಡಿ ಸಾಲು ಹೊಂದಿಸಿದರು. ಫ್ಲೆಕ್ಸಿನ ಖರ್ಚು ಕಳೆದು ಉಳಿದದ್ದನ್ನು ಸುನಂದಾ ನಾಗಭೂಷಣನ ಮುಂದಿಟ್ಟು, ಮದುವೆಯ ಕಾಲ ಶುರುವಾಗುವವರೆಗೆ ದಿನಕ್ಕೆಷ್ಟು ಬೀಳುತ್ತದೆಂದು ತಾನೇ ಭಾಗಿಸಿ ಹಾಕಿಸಿದಳು. ಈ ಸಲ ಸಭೆ ಕರೆಯಲಿಲ್ಲ.

ಫ್ಲೆಕ್ಸ್ ಮಾಡುವ ಶ್ರೀರಂಗಯ್ಯ ಪರದೆಯ ಮೇಲೆ ಎಲ್ಲ ಮುಖಗಳನ್ನೂ ಕೂರಿಸಿ ಅವಳನ್ನು ಕರೆದು ತೋರಿಸಿದ. ನಡುವೆ ಶಿವಮೂರ್ತಿ ಮೊಬೈಲ್ ಕಿವಿಗಿಟ್ಟುಕೊಂಡು ದೂರ ನೋಡುತ್ತಿದ್ದ. ಬಲಗಡೆ ಪೇಟದ ಈರಣ್ಣ. ಸುತ್ತ ಸದಾಶಿವಯ್ಯ ಮೊದಲಾಗಿ ಬಳಗ.

"ಎಲ್ಲಾ ಸರಿ ಬಂದವೆ ಕಣಕ್ಕ," ಎಂದ ಶ್ರೀರಂಗಯ್ಯ. "ಮೂಲೇಲಿ ಇಷ್ಟು ಜಾಗ ಉಳುದೈತೆ. ಅಲ್ಲಿ ಒಂದು ಕೊಬ್ರಿ ಬಟ್ಲು ಹಾಕ್ಲಾ? ಏನು ವ್ಯಾಪಾರ ಅಂತ ಗೊತ್ತಾಗ್ಬೇಕಲ್ಲ."

ಸುನಂದಾ ಆ ಖಾಲಿ ಜಾಗವನ್ನು ನೋಡಿದಳು. ನೊಣವಿನಕೆರೆಯ ಚಿಕ್ಕಪ್ಪ ಕರಿಯಪ್ಪ ಬೆಳಿಗ್ಗೆ ಫೋಟೋ ಕೊಟ್ಟು ಹೋಗಿದ್ದ. ತಡವಾಯಿತೆಂದು ಇನ್ನೂರೈವತ್ತು ಇಟ್ಟಿದ್ದ.

"ಬಟ್ಲು ಬ್ಯಾಡ," ಎಂದು ಪರ್ಸಿನಿಂದ ಆ ಫೋಟೋ ತೆಗೆದುಕೊಟ್ಟಳು. "ಇವ್ರುನ್ನ ಹಾಕು."